ಹಳೇ ಗಾರೆಯ ಟಿಜಿಎ: ಒಂದೇ ಗೋಡೆ, ಮೂರು ರನ್, ಮೂರು ಉತ್ತರ. ಯಾರಾದರೂ ಹೇಳ್ತೀರಾ?

ಗೋಡೆಪುಡಿ

ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೇನೆ. ಹಳೇ ಮನೆಗಳ ಸುಣ್ಣದ ಗಾರೆಯಲ್ಲಿ ಏನೇನಿದೆ ಅಂತ ನೋಡುವುದು ನನ್ನ ಕೆಲಸ. ಅದಕ್ಕೆ ಬಳಸುವುದು ಟಿಜಿಎ, ಅಂದರೆ ಪುಡಿಯನ್ನು ಬಿಸಿ ಮಾಡುತ್ತಾ ತೂಕ ಎಷ್ಟು ಇಳಿಯಿತು ಅಂತ ನೋಡುವ ವಿಧಾನ.

ಬಾಗಲಕೋಟೆ ಕಡೆ ನಮ್ಮ ಅಜ್ಜನ ಮನೆ ಇತ್ತು. ಈ ಬೇಸಿಗೆಯಲ್ಲಿ ಕೆಡವಿದರು. ಕೆಡವುವ ಹಿಂದಿನ ದಿನ ಹೋಗಿ ಪಡಸಾಲೆ ಗೋಡೆಯ ಬಿಳಿ ಗಾರೆ, ಬಚ್ಚಲಮನೆ ಗೋಡೆಯ ಕೆಂಪು ಗಾರೆ ಎರಡನ್ನೂ ಉಳಿಯಿಂದ ಎಬ್ಬಿಸಿ ಡಬ್ಬಿಯಲ್ಲಿ ತುಂಬಿಕೊಂಡು ಬಂದೆ. ನಾನು ಆಡಿ ಬೆಳೆದ ಗೋಡೆ ಅದು. ಹಾಗಾಗಿ ಈ ಸ್ಯಾಂಪಲ್ ಬಗ್ಗೆ ನನಗೆ ಸ್ವಲ್ಪ ಜಾಸ್ತಿಯೇ ಪ್ರೀತಿ.

ಮೊದಲು ಬಿಳಿ ಗಾರೆ ಹಾಕಿದೆ. ಚೂರು ತೆಗೆದು ಅಗೇಟ್ ಕುಟ್ಟಾಣಿಯಲ್ಲಿ ಪುಡಿ ಮಾಡಿ, 8 ಮಿಲಿಗ್ರಾಂ ತೂಗಿ, ಅಲ್ಯುಮಿನಾ ಕ್ರೂಸಿಬಲ್‌ನಲ್ಲಿ (ಬಿಸಿ ತಡೆಯುವ ಪುಟ್ಟ ಬಟ್ಟಲು) ಇಟ್ಟೆ. ನೈಟ್ರೋಜನ್, ನಿಮಿಷಕ್ಕೆ 10 ಡಿಗ್ರಿ, 900ರ ವರೆಗೆ. ಮೂರು ಸಲ ಓಡಿಸಿದೆ. ಪ್ರತಿ ಸಲ ಹೊಸ ಚೂರು.

600ರಿಂದ 800 ಡಿಗ್ರಿ ನಡುವೆ ಸುಣ್ಣದಕಲ್ಲು ಒಡೆದು ಇಂಗಾಲದ ಡೈಆಕ್ಸೈಡ್ ಹೋಗುತ್ತದಲ್ಲ, ಆ ಇಳಿತ ಮೊದಲ ಸಲ 17.2 ಪರ್ಸೆಂಟ್ ಬಂತು. ಎರಡನೇ ಸಲ 24.9. ಮೂರನೇ ಸಲ 20.6. ಒಂದೇ ಗೋಡೆ, ಅಂಗೈ ಅಗಲದ ಜಾಗ. ಯಾವುದನ್ನು ಬರೆಯಲಿ?

ಇನ್ನೆರಡು ವಿಷಯ. ಗ್ರಾಫ್ ಶುರುವಿನಲ್ಲಿ ಕೆಳಗೆ ಇಳಿಯುವ ಬದಲು 100.4 ತನಕ ಏರಿ ಆಮೇಲೆ ಇಳಿಯುತ್ತದೆ. ಬಿಸಿ ಮಾಡಿದರೆ ತೂಕ ಜಾಸ್ತಿ ಆಗುವುದು ಹೇಗೆ? ಮತ್ತೆ 250ರಿಂದ 400ರ ನಡುವೆ ಸಣ್ಣಗೆ ಒಂದು ಇಳಿಜಾರು ಇದೆ. ನಮ್ಮ ಅಜ್ಜಿ ಗಾರೆಗೆ ಬೆಲ್ಲದ ನೀರು ಹಾಕುತ್ತಿದ್ದರು ಅನ್ನುತ್ತಾರೆ. ಅದು ಬೆಲ್ಲವೇ ಇರಬಹುದಾ?

ನಾರುಬಟ್ಟೆ

ನಾನು ಬಾಳೆ ನಾರಿನ ಮೇಲೆ ಟಿಜಿಎ ಮಾಡುತ್ತೇನೆ, ಗಾರೆ ಗೊತ್ತಿಲ್ಲ. ಆದರೆ 17ಕ್ಕೂ 25ಕ್ಕೂ ಇಷ್ಟು ದೂರ ಇದೆ ಅಂದರೆ ಯಂತ್ರವೇ ಸರಿ ಇಲ್ಲ ಅಂತ ನನ್ನ ಅನುಮಾನ. ಕ್ಯಾಲ್ಸಿಯಂ ಆಕ್ಸಲೇಟ್ ಮೊನೊಹೈಡ್ರೇಟ್ ಒಂದು ರನ್ ಹಾಕಿಸಿ. ಅದು ಮೂರೇ ಮೆಟ್ಟಿಲಲ್ಲಿ ಇಳಿಯುತ್ತದೆ. ಮೊದಲು ನೀರು 12.3 ಪರ್ಸೆಂಟ್, ಆಮೇಲೆ ಕಾರ್ಬನ್ ಮೊನಾಕ್ಸೈಡ್ 19.2, ಕೊನೆಗೆ ಇಂಗಾಲದ ಡೈಆಕ್ಸೈಡ್ 30.1. ಉಳಿಯುವುದು 38.4, ಅದು ಸುಟ್ಟ ಸುಣ್ಣ. ಈ ಲೆಕ್ಕ ಕಾಗದದ ಮೇಲೆ ಅಣುತೂಕದಿಂದಲೇ ಬರುತ್ತದೆ. ಯಂತ್ರ ಬೇರೆ ಹೇಳಿದರೆ ತಪ್ಪು ಯಂತ್ರದ್ದು.

ಗೋಡೆಪುಡಿ

ಥ್ಯಾಂಕ್ಸ್. ಇವತ್ತೇ ಸ್ಲಾಟ್ ಸಿಕ್ಕಿತು, ಹಾಕಿಸಿದೆ. 12.3, 19.1, 30.2. ಯಂತ್ರ ಸರಿಯಾಗಿಯೇ ಇದೆ. ಈಗ ಇನ್ನೂ ಗೊಂದಲ.

ಬಿಸಿತಕ್ಕಡಿ

ಒಂದೇ ಪ್ರಶ್ನೆ. ಪುಡಿಯನ್ನು ಜರಡಿ ಹಿಡಿದಿರಾ?

ಗೋಡೆಪುಡಿ

ಇಲ್ಲ ಸರ್. ಕುಟ್ಟಾಣಿಯಲ್ಲಿ ಸ್ವಲ್ಪ ಅರೆದೆ ಅಷ್ಟೇ. ಜಾಸ್ತಿ ಅರೆದರೆ ಏನಾದರೂ ಹಾಳಾಗಬಹುದು ಅಂತ ಬಿಟ್ಟೆ.

ಬಿಸಿತಕ್ಕಡಿ

ಸರ್ ಅಲ್ಲ, ಅಕ್ಕ ಅನ್ನು ಸಾಕು. 14 ವರ್ಷದಿಂದ ಈ ಯಂತ್ರದ ಮುಂದೆ ಕೂತಿದ್ದೇನೆ. ನಿನ್ನ ಗ್ರಾಫ್‌ನಲ್ಲಿ ಏನೂ ತಪ್ಪಿಲ್ಲ. ಮೂರೂ ಉತ್ತರ ಸರಿ. ಆದರೆ ಮೂರೂ ನಿನ್ನ ಗೋಡೆಯ ಉತ್ತರ ಅಲ್ಲ.

ಒಂದು ಕೆಲಸ ಮಾಡು. ಉಳಿದಿರುವ ಪುಡಿಯನ್ನು ಕಪ್ಪು ಕಾಗದದ ಮೇಲೆ ಹರಡು. ಚಿಮುಟದಲ್ಲಿ ಒಂದು ಮರಳು ಕಾಳು ಎತ್ತಿ ನೋಡು. ಒಂದು ಮಿಲಿಮೀಟರ್ ಗಾತ್ರದ ಕಾಳು ಅಂತ ಇಟ್ಟುಕೊ. ಬೆಣಚುಕಲ್ಲಿನ ಸಾಂದ್ರತೆ 2.65. ಗುಂಡಗಿದ್ದರೆ ಆ ಒಂದು ಕಾಳಿನ ತೂಕ ಸುಮಾರು 1.4 ಮಿಲಿಗ್ರಾಂ. ನೀನು ಹಾಕಿದ್ದು ಒಟ್ಟು 8 ಮಿಲಿಗ್ರಾಂ. ಅಂದರೆ ಒಂದೇ ಒಂದು ಕಾಳು ನಿನ್ನ ಸ್ಯಾಂಪಲ್‌ನ 17 ಪರ್ಸೆಂಟ್! ಆ ಮರಳು 900 ಡಿಗ್ರಿ ತನಕ ಏನೂ ಕಳೆದುಕೊಳ್ಳುವುದಿಲ್ಲ, ಸುಮ್ನೆ ಕೂತಿರುತ್ತದೆ. ಮೊದಲ ಸಲ ಕ್ರೂಸಿಬಲ್‌ಗೆ ಎರಡು ಕಾಳು ಬಿದ್ದಿರಬೇಕು, ಎರಡನೇ ಸಲ ಒಂದೂ ಬಿದ್ದಿರಲಿಕ್ಕಿಲ್ಲ. ನಿನಗೆ ಸಿಕ್ಕ ಮೂರು ಅಂಕಿ ಸುಣ್ಣದ ಲೆಕ್ಕ ಅಲ್ಲ, ಮರಳು ಕಾಳಿನ ಲೆಕ್ಕ.

ಟಿಜಿಎ ಅಂದರೆ ಎಲ್ಲರೂ ಯಂತ್ರ ನೋಡುತ್ತಾರೆ. ಮೈಕ್ರೋಗ್ರಾಂ ತೋರಿಸುವ ತಕ್ಕಡಿ, ಚಂದದ ಗ್ರಾಫ್. ಆದರೆ ಅರ್ಧ ಕೆಲಸ ಯಂತ್ರದ ಹತ್ತಿರ ಬರುವ ಮೊದಲೇ ಮುಗಿದಿರುತ್ತದೆ, ಇಲ್ಲ ಕೆಟ್ಟಿರುತ್ತದೆ. ಒಂದು ಗೋಡೆಯ ಪರವಾಗಿ 8 ಮಿಲಿಗ್ರಾಂ ಮಾತಾಡಬೇಕು ಅಂದರೆ ಆ 8 ಮಿಲಿಗ್ರಾಂ ಆರಿಸುವುದೇ ನಿಜವಾದ ಪ್ರಯೋಗ.

ಹೀಗೆ ಮಾಡು. ಅಂಗೈ ಅಗಲದ ಗಾರೆ ಪೂರ್ತಿ ತಗೋ, ಒಂದು ಚೂರಲ್ಲ. ಮರದ ಸುತ್ತಿಗೆ ಇಲ್ಲವೇ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟು. ಮರಳು ಒಡೆಯಬಾರದು, ಮರಳಿಗೆ ಅಂಟಿದ ಸುಣ್ಣ ಮಾತ್ರ ಉದುರಬೇಕು. 63 ಮೈಕ್ರಾನ್ ಜರಡಿ ಹಿಡಿ. ಕೆಳಗೆ ಬಿದ್ದ ಹಿಟ್ಟಿನಂಥ ಪುಡಿಯಲ್ಲಿ ಸುಣ್ಣವೇ ಜಾಸ್ತಿ ಇರುತ್ತದೆ. ಅದನ್ನು ಕಾಗದದ ಮೇಲೆ ಗುಡ್ಡೆ ಹಾಕಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ತೆಗೆದು ಮತ್ತೆ ಗುಡ್ಡೆ ಹಾಕು. ಸಾಕಷ್ಟು ಚಿಕ್ಕದಾಗುವ ತನಕ ಹೀಗೇ. ಆಮೇಲೆ ಅದರಿಂದ ಮೂರು ರನ್. ಜರಡಿಯ ಮೇಲೆ ಉಳಿದದ್ದನ್ನು ಎಸೆಯಬೇಡ, ತೂಗಿ ಬರೆದಿಡು. ಗೋಡೆಯ ಪೂರ್ತಿ ಲೆಕ್ಕಕ್ಕೆ ಅದೂ ಬೇಕು.

ಗೋಡೆಪುಡಿ

ಅಕ್ಕ, ಈಗಷ್ಟೇ ಕಪ್ಪು ಕಾಗದದ ಮೇಲೆ ಹರಡಿ ನೋಡಿದೆ. ಕಾಳುಗಳು ಸಕ್ಕರೆಯಂತೆ ಮಿನುಗುತ್ತಿವೆ. ಒಂದೊಂದಾಗಿ ಮೂರು ಕಾಳು ತೂಗಿದೆ: 0.9, 1.6, 1.1 ಮಿಲಿಗ್ರಾಂ. ಒಂದು ತಿಂಗಳಿಂದ ಗ್ರಾಫನ್ನೇ ನೋಡುತ್ತಿದ್ದೆ. ಪುಡಿಯನ್ನು ಕಣ್ಣಾರೆ ನೋಡಿರಲೇ ಇಲ್ಲ.

ಬಿಸಿತಕ್ಕಡಿ

ಇನ್ನು 100.4ರ ವಿಷಯ. ಇದು ತೇಲುವಿಕೆ. ನೀರಲ್ಲಿ ಕಲ್ಲು ಹಗುರ ಅನ್ನಿಸುತ್ತದಲ್ಲ, ಗಾಳಿಯಲ್ಲೂ ಹಾಗೇ, ತುಂಬಾ ಕಮ್ಮಿ ಅಷ್ಟೇ. ಒಂದು ಮಿಲಿಲೀಟರ್ ನೈಟ್ರೋಜನ್ ಕೋಣೆಯ ಬಿಸಿಯಲ್ಲಿ 1.1 ಮಿಲಿಗ್ರಾಂ ಚಿಲ್ಲರೆ ತೂಗುತ್ತದೆ. ಕುಲುಮೆ 900ಕ್ಕೆ ಹೋದಾಗ ಅದು ಹಿಗ್ಗಿ ಕಾಲು ಭಾಗದಷ್ಟೇ ತೂಗುತ್ತದೆ. ಕ್ರೂಸಿಬಲ್ಲನ್ನು ಮೇಲಕ್ಕೆ ಎತ್ತಿ ಹಿಡಿದಿದ್ದ ಗ್ಯಾಸ್ ತೆಳುವಾಯಿತು, ಹಾಗಾಗಿ ಕ್ರೂಸಿಬಲ್ ಭಾರ ಆದಂತೆ ಕಾಣುತ್ತದೆ. ಗ್ಯಾಸ್ ಹರಿಯುವ ರೀತಿಯೂ ಇದಕ್ಕೆ ಸೇರಿಕೊಳ್ಳುತ್ತದೆ. 8 ಮಿಲಿಗ್ರಾಂ ಸ್ಯಾಂಪಲ್‌ನಲ್ಲಿ 0.4 ಪರ್ಸೆಂಟ್ ಅಂದರೆ 0.03 ಮಿಲಿಗ್ರಾಂ. ಖಾಲಿ ಕ್ರೂಸಿಬಲ್ ಇಟ್ಟು ಅದೇ ಪ್ರೋಗ್ರಾಂ, ಅದೇ ಗ್ಯಾಸ್ ಫ್ಲೋನಲ್ಲಿ ಒಂದು ಬ್ಲ್ಯಾಂಕ್ ಓಡಿಸಿ ಕಳೆದುಬಿಡು.

ಇದನ್ನು ಸಣ್ಣ ವಿಷಯ ಅಂತ ಬಿಡಬೇಡ. ಗಾರೆ ತನ್ನೊಳಗೆ ಕಟ್ಟಿಕೊಂಡ ನೀರನ್ನೂ ನೀನು ನೋಡಬೇಕು, ಅದರ ಇಳಿತ ಬರೀ 2, 3 ಪರ್ಸೆಂಟ್. ಅದರಲ್ಲಿ 0.4 ಅಂದರೆ ದೊಡ್ಡದೇ.

ಬೆಲ್ಲದಗಾರೆ

ನಾನು ಸಿವಿಲ್ ಇಂಜಿನಿಯರ್, ಮೈಸೂರಿನವನು. ಹಳೇ ಕಟ್ಟಡ ರಿಪೇರಿ ನನ್ನ ಕೆಲಸ. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು, ಲೋಳೆಸರ, ಇದೆಲ್ಲ ನಮ್ಮ ಕಡೆ ಗಾರೆಗೆ ಹಾಕುತ್ತಿದ್ದದ್ದು ನಿಜ. ಈಗಲೂ ಒಳ್ಳೆ ಕೆಲಸಗಾರರು ಹಾಕುತ್ತಾರೆ. ಗೋಡೆಪುಡಿ ಅವರ 250ರಿಂದ 400ರ ಇಳಿಜಾರು ಖಂಡಿತ ಬೆಲ್ಲವೇ. ಸಕ್ಕರೆ ಅಂಶ ಸುಡುವುದು ಅಲ್ಲೇ ಅಲ್ವಾ? ಬರೆದುಬಿಡಿ, ನಮ್ಮ ಹಿರಿಯರ ಕೆಲಸಕ್ಕೆ ಒಂದು ಸಾಕ್ಷಿ ಆಗುತ್ತದೆ.

ದೂರದೂರು

ಕ್ಷಮಿಸಿ ಸರ್, ಇಲ್ಲಿ ನನ್ನ ತಕರಾರಿದೆ. ನಾನು ಜರ್ಮನಿಯಲ್ಲಿ ಪೋಸ್ಟ್‌ಡಾಕ್, ಸಿಮೆಂಟ್ ಲ್ಯಾಬ್. ಟಿಜಿಎ ಹೇಳುವುದು ಎಷ್ಟು ತೂಕ ಹೋಯಿತು, ಯಾವ ಬಿಸಿಯಲ್ಲಿ ಹೋಯಿತು ಅಂತ ಮಾತ್ರ. ಯಾರು ಹೋದರು ಅಂತ ಅದು ಹೇಳುವುದಿಲ್ಲ. 200ರಿಂದ 600ರ ನಡುವೆ ಗಾರೆಯಲ್ಲಿ ಹೊರಡುವವರು ತುಂಬಾ ಜನ. ಸುಣ್ಣ ಮತ್ತು ಸಿಲಿಕಾ ಸೇರಿ ಕಟ್ಟಿಕೊಂಡ ಪದಾರ್ಥ ತನ್ನ ನೀರು ಬಿಡುವುದು ಅಲ್ಲೇ. ಮರಳಿನ ಜೊತೆ ಮಣ್ಣು ಬಂದಿದ್ದರೆ ಜೇಡಿ ತನ್ನ ನೀರು ಬಿಡುವುದೂ ಹೆಚ್ಚುಕಮ್ಮಿ 450ರಿಂದ 550ರಲ್ಲಿ. ಒಣಗಿದ ಬೇರು, ಹುಲ್ಲು, ಗೋಡೆ ಮೇಲಿನ ಹೊಗೆ ಮಸಿ, ಪಾಚಿ ಎಲ್ಲ ಸುಡುವುದೂ ಈ ಆಸುಪಾಸಿನಲ್ಲೇ. ಬೆಲ್ಲ ಹಾಕಿದ್ದೇ ಸ್ವಲ್ಪ, ಅದರಲ್ಲೂ ಸಕ್ಕರೆ ನೀರಲ್ಲಿ ಕರಗುವ ವಸ್ತು. ಇಷ್ಟು ವರ್ಷದ ಮೇಲೆ ಎಷ್ಟು ಉಳಿದಿರುತ್ತದೆ?

ಬೆಲ್ಲದಗಾರೆ

ಹಾಗಾದರೆ ಅಜ್ಜಿ ಹೇಳಿದ್ದು ಸುಳ್ಳಾ? ಪುಸ್ತಕ ಓದಿದವರು ಒಪ್ಪುವ ತನಕ ಹಳಬರ ಮಾತಿಗೆ ಬೆಲೆ ಇಲ್ಲವಾ?

ದೂರದೂರು

ಅಜ್ಜಿ ಹೇಳಿದ್ದು ನಿಜ ಅಂತಲೇ ನನ್ನ ನಂಬಿಕೆ. ಅದಕ್ಕೇ ಹೇಳುತ್ತಿದ್ದೇನೆ. ನಿಜವಾದ ಮಾತಿಗೆ ಸಡಿಲ ಸಾಕ್ಷಿ ಕಟ್ಟಿದರೆ ನಾಳೆ ಯಾರೋ ಆ ಸಾಕ್ಷಿಯನ್ನು ಒಂದೇ ನಿಮಿಷದಲ್ಲಿ ಕಿತ್ತುಹಾಕುತ್ತಾರೆ. ಜೊತೆಗೆ ಅಜ್ಜಿಯ ಮಾತೂ ಬಿದ್ದುಹೋಗುತ್ತದೆ.

ಗೋಡೆಪುಡಿ, ನೀವು ಮಾಡಬಹುದಾದದ್ದು ಇದೆ. ಅದೇ ಪುಡಿಯನ್ನು ಒಮ್ಮೆ ನೈಟ್ರೋಜನ್‌ನಲ್ಲಿ, ಒಮ್ಮೆ ಗಾಳಿಯಲ್ಲಿ ಓಡಿಸಿ. ಜೀವಿಗಳಿಂದ ಬಂದ ಪದಾರ್ಥ ಇದ್ದರೆ ಗಾಳಿಯಲ್ಲಿ ಅದು ಉರಿಯುತ್ತದೆ, ಬಿಸಿ ಹೊರಬರುತ್ತದೆ. ನಿಮ್ಮ ಯಂತ್ರದಲ್ಲಿ ಬಿಸಿ ಹೀರಿತೋ ಹೊರಬಂತೋ ಅಂತ ಅಳೆಯುವ ಡಿಎಸ್‌ಸಿ ಕೂಡ ಒಟ್ಟಿಗೆ ಇದ್ದರೆ ಆ ಬಿಸಿ ಕಾಣುತ್ತದೆ. ನೀರು ಬಿಡುವ ಕೆಲಸ ಮಾತ್ರ ಎರಡು ಗ್ಯಾಸ್‌ನಲ್ಲೂ ಬಿಸಿ ಹೀರುತ್ತದೆ. ಹೊರಹೋಗುವ ಗ್ಯಾಸನ್ನು ಅಣುತೂಕ ನೋಡುವ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಕೊಟ್ಟರೆ ನೀರು 18ರಲ್ಲಿ, ಇಂಗಾಲದ ಡೈಆಕ್ಸೈಡ್ 44ರಲ್ಲಿ ಕಾಣುತ್ತದೆ. ಆದರೆ ಸಕ್ಕರೆ ಉರಿದರೂ ಇವೆರಡೇ ಬರುವುದು. ಹಾಗಾಗಿ ಜೀವಿಯಿಂದ ಬಂದದ್ದೇನೋ ಇದೆ ಅಂತ ಹೇಳಬಹುದು, ಅದು ಬೆಲ್ಲ ಅಂತ ಹೇಳಲು ಆಗುವುದಿಲ್ಲ. ಅದಕ್ಕೆ ಗ್ಯಾಸ್ ಕ್ರೊಮ್ಯಾಟೊಗ್ರಫಿಯಂಥ ಬೇರೆ ದಾರಿಯೇ ಬೇಕು.

ಬಿಸಿತಕ್ಕಡಿ

ದೂರದೂರು ಹೇಳಿದ್ದಕ್ಕೆ ನನ್ನದೂ ಒಂದು ಸೇರಿಸಿ. ಗೋಡೆಯ ಹೊರಮೈಯನ್ನು ಅರ್ಧ ಸೆಂಟಿಮೀಟರ್ ಕೆರೆದು ತೆಗೆದು ಒಳಗಿನದನ್ನೇ ಬಳಸು. ಪಡಸಾಲೆ ಅಂದರೆ ದೇವರ ದೀಪ, ಒಲೆ ಹೊಗೆ, ಎಣ್ಣೆ ಕೈ, ವರ್ಷಕ್ಕೊಮ್ಮೆ ಹಬ್ಬಕ್ಕೆ ಬಳಿದ ಸುಣ್ಣ ಎಲ್ಲ ಅದರ ಮೇಲೇ ಕೂತಿರುತ್ತದೆ.

ಭಟ್ಟಿಮನೆ

ಈ ಚರ್ಚೆ ಓದುತ್ತಾ ಕೂತಿದ್ದೆ, ಸುಮ್ಮನಿರಲು ಆಗಲಿಲ್ಲ. ನಾನು ವಿಜ್ಞಾನ ಓದಿದವನಲ್ಲ. ನಮ್ಮದು ಸುಣ್ಣದ ಭಟ್ಟಿ ಇದ್ದ ಮನೆ. ಅಪ್ಪನ ಕಾಲಕ್ಕೇ ನಿಂತುಹೋಯಿತು. ಆದರೆ ಹುಡುಗನಾಗಿದ್ದಾಗ ನಾನೂ ಕಲ್ಲು ಹೊತ್ತಿದ್ದೇನೆ.

ಕಲ್ಲು ಬೆಂದಿದೆಯೋ ಇಲ್ಲವೋ ಅಂತ ಅಪ್ಪ ನೋಡುತ್ತಿದ್ದದ್ದು ಬಣ್ಣದಿಂದ ಅಲ್ಲ. ಕೈಯಲ್ಲಿ ಎತ್ತಿ ನೋಡುತ್ತಿದ್ದರು. ಹೊರಗಿನ ಗಾತ್ರ ಹಾಗೇ ಇರುತ್ತದೆ, ತೂಕ ಮಾತ್ರ ಹೋಗಿರುತ್ತದೆ. ಬೆಂದ ಕಲ್ಲು ಎತ್ತಿದರೆ ಕೈ ತಾನೇ ಮೇಲೆ ಹೋಗುತ್ತಿತ್ತು. ಭಾರ ಅನ್ನಿಸಿದ್ದನ್ನು ಪಕ್ಕಕ್ಕೆ ಎಸೆದು ಮುಂದಿನ ಭಟ್ಟಿಗೆ ಹಾಕುತ್ತಿದ್ದರು. ಒಳಗೆ ಹಸಿ ಉಳಿದಿದೆ ಅನ್ನುತ್ತಿದ್ದರು. ನೀವು ಹೇಳುವ ಟಿಜಿಎ ಇದೇ ಅಲ್ವಾ? ಬಿಸಿ ಮಾಡಿ ತೂಕ ನೋಡುವುದು?

ಇನ್ನೊಂದು. ಆ ಹಸಿ ಕಲ್ಲಿನ ಚೂರು ಎಲ್ಲವನ್ನೂ ಹೆಕ್ಕಿ ತೆಗೆಯಲು ಯಾರಿಗೂ ಆಗುತ್ತಿರಲಿಲ್ಲ. ಸುಣ್ಣ ಅರಳಿಸಿದ ಮೇಲೂ ಒಂದಷ್ಟು ಗಾರೆಯೊಳಗೆ ಹೋಗುತ್ತಿತ್ತು. ಈ ತಂಗಿಯ ಗಾರೆಯಲ್ಲೂ ಇರಬಹುದು. ಅದು ಲೆಕ್ಕ ಕೆಡಿಸುವುದಿಲ್ಲವಾ?

ಬಿಸಿತಕ್ಕಡಿ

ಅಣ್ಣ, ನಿಮ್ಮ ಅಪ್ಪನ ಕೈ ಹೇಳಿದ್ದೂ ನಮ್ಮ ಯಂತ್ರ ಹೇಳುವುದೂ ಒಂದೇ ಅಂಕಿ. ಅಪ್ಪಟ ಸುಣ್ಣದಕಲ್ಲು 100 ಕೆಜಿ ಪೂರ್ತಿ ಬೆಂದರೆ 56 ಕೆಜಿ ಸುಟ್ಟ ಸುಣ್ಣ ಉಳಿಯುತ್ತದೆ. 44 ಕೆಜಿ ಗ್ಯಾಸ್ ಆಗಿ ಹೋಗುತ್ತದೆ. ನನ್ನ ಯಂತ್ರದಲ್ಲಿ 10 ಮಿಲಿಗ್ರಾಂ ಹಾಕಿದರೆ 5.6 ಉಳಿಯುತ್ತದೆ.

ತಕ್ಕಡಿ ಮತ್ತು ಕುಲುಮೆ ಸೇರಿಸಿ ಅದಕ್ಕೆ ಥರ್ಮೋಬ್ಯಾಲೆನ್ಸ್ ಅಂತ ಹೆಸರಿಟ್ಟವರು ಜಪಾನಿನ ಕೊಟಾರೊ ಹೋಂಡಾ, 1915ರಲ್ಲಿ. ಅವರು ಅದರಲ್ಲಿಟ್ಟು ನೋಡಿದ ವಸ್ತುಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಕೂಡ ಒಂದು. ನಿಮ್ಮ ಭಟ್ಟಿಯ ಕಲ್ಲೇ.

ಒಂದು ವ್ಯತ್ಯಾಸ ಇದೆ. ನಿಮ್ಮ ಭಟ್ಟಿಗೆ 900 ಡಿಗ್ರಿ ಹತ್ತಿರ ಬೇಕಿತ್ತು. ನಮ್ಮ ಯಂತ್ರದಲ್ಲಿ 600 ದಾಟುತ್ತಿದ್ದಂತೆ ಕಲ್ಲು ಒಡೆಯಲು ಶುರು. ಕಾರಣ ಗ್ಯಾಸ್. ಭಟ್ಟಿಯೊಳಗೆ ಕಲ್ಲು ಬಿಟ್ಟ ಇಂಗಾಲದ ಡೈಆಕ್ಸೈಡ್ ಅಲ್ಲೇ ಸುತ್ತಿಕೊಂಡಿರುತ್ತದೆ, ಇನ್ನಷ್ಟು ಬಿಡಲು ಜಾಗ ಕೊಡುವುದಿಲ್ಲ. ನಾವು ನೈಟ್ರೋಜನ್ ಊದಿ ಅದನ್ನು ಗುಡಿಸುತ್ತಲೇ ಇರುತ್ತೇವೆ. ಅದಕ್ಕೇ ಗೋಡೆಪುಡಿಗೆ ಹೇಳುವುದು, ಕ್ರೂಸಿಬಲ್‌ಗೆ ಮುಚ್ಚಳ ಹಾಕಿದೆಯೋ ಇಲ್ಲವೋ, ಎಷ್ಟು ಮಿಲಿಗ್ರಾಂ, ಗ್ಯಾಸ್ ಎಷ್ಟು, ಎಲ್ಲ ಬರೆದಿಡು. ಬರೀ 740 ಡಿಗ್ರಿಯಲ್ಲಿ ಇಳಿತ ಅಂತ ಬರೆದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ.

ಹಸಿ ಕಲ್ಲಿನ ಪ್ರಶ್ನೆ ಚಿನ್ನದಂಥ ಪ್ರಶ್ನೆ. ಹೌದು, ಲೆಕ್ಕ ಕೆಡಿಸುತ್ತದೆ. ಗಾರೆಯ ಸುಣ್ಣ ಗಾಳಿ ಕುಡಿದು ಮತ್ತೆ ಕಲ್ಲಾದದ್ದೂ ಕ್ಯಾಲ್ಸಿಯಂ ಕಾರ್ಬೊನೇಟ್, ಬೇಯದೆ ಉಳಿದ ಕಲ್ಲೂ ಕ್ಯಾಲ್ಸಿಯಂ ಕಾರ್ಬೊನೇಟ್. ತೂಕಕ್ಕೆ ಎರಡೂ ಒಂದೇ. ಹೊಸದಾಗಿ ಕಟ್ಟಿಕೊಂಡದ್ದು ಸಣ್ಣ ಸಣ್ಣ ಹರಳು, ಸ್ವಲ್ಪ ಬೇಗ ಒಡೆಯುತ್ತದೆ. ಹಳೇ ಕಲ್ಲು ಗಟ್ಟಿ ಹರಳು, ತಡವಾಗಿ. ತೂಕ ಇಳಿಯುವ ವೇಗ ತೋರಿಸುವ ಡಿಟಿಜಿ ಗ್ರಾಫ್‌ನಲ್ಲಿ ಎರಡು ಗೂನು ಕಂಡರೆ ಅನುಮಾನ ಪಡು. ತೀರ್ಮಾನ ಮಾತ್ರ ಮೈಕ್ರೋಸ್ಕೋಪ್‌ನಲ್ಲಿ ನೋಡಿದ ಮೇಲೆ.

ಗೋಡೆಪುಡಿ

ಅಕ್ಕ, ಎರಡು ಗೂನು ಇತ್ತು! ಎರಡನೇ ರನ್‌ನಲ್ಲಿ. ಯಂತ್ರದ ತೊಂದರೆ ಅಂದುಕೊಂಡು ಸ್ಮೂತ್ ಮಾಡಿಬಿಟ್ಟಿದ್ದೆ.

ಜರಡಿ ಮೇಲೆ ಉಳಿದದ್ದನ್ನು ಗಾಜಿನ ತಟ್ಟೆಯಲ್ಲಿ ಹರಡಿ ಡೈಲ್ಯೂಟ್ ಹೈಡ್ರೋಕ್ಲೋರಿಕ್ ಆಸಿಡ್ ಹನಿ ಹಾಕಿದೆ. ಬಿಳಿ, ಹೊಳಪಿನ ಕಾಳುಗಳು ಸುಮ್ನಿದ್ದವು. ಬೂದು ಬಣ್ಣದ ಕೆಲವು ಕಾಳು ಬುಸ್ ಅಂತ ನೊರೆ ಬಿಟ್ಟವು, ಪೂರ್ತಿ ಕರಗಿಹೋದವು. ಭಟ್ಟಿಮನೆ ಅಣ್ಣ ಹೇಳಿದ ಹಸಿ ಕಲ್ಲೋ, ಇಲ್ಲ ಮರಳಿನ ಜೊತೆಗೇ ಬಂದ ಸುಣ್ಣದಕಲ್ಲೋ ಗೊತ್ತಿಲ್ಲ. ನಮ್ಮ ಕಡೆ ನೆಲವೇ ಸುಣ್ಣದಕಲ್ಲು. ತೆಳು ಪದರ ಮಾಡಿಸಿ ಮೈಕ್ರೋಸ್ಕೋಪ್‌ಗೆ ಕೊಟ್ಟಿದ್ದೇನೆ.

ನಾರುಬಟ್ಟೆ

ನನ್ನ ಊಹೆ ತಪ್ಪಾಯಿತು, ಕಲಿತೆ. ಈ ಚರ್ಚೆಯಲ್ಲಿ ನನ್ನದೂ ಒಂದು ಕೇಳಿಬಿಡುತ್ತೇನೆ. ಬಾಳೆ ನಾರಿನ ಆಕ್ಟಿವೇಷನ್ ಎನರ್ಜಿ, ಅಂದರೆ ಅದು ಒಡೆಯಲು ದಾಟಬೇಕಾದ ಶಕ್ತಿಯ ಮಟ್ಟ, ನನಗೆ ಬೇಕು. ನಿಮಿಷಕ್ಕೆ 10 ಡಿಗ್ರಿಯ ಒಂದು ರನ್ ಇದೆ. ಅದರಿಂದಲೇ ತೆಗೆಯಬಹುದಾ?

ದೂರದೂರು

ಬೇಡ. ಒಂದೇ ರೇಟ್‌ನ ಗ್ರಾಫ್‌ಗೆ ಯಾವ ಮಾದರಿ ಕೊಟ್ಟರೂ ಹೊಂದಿಕೊಳ್ಳುತ್ತದೆ, ಅಂಕಿ ಮಾತ್ರ ಬೇರೆ ಬೇರೆ ಬರುತ್ತದೆ. ಥರ್ಮಲ್ ಅನಾಲಿಸಿಸ್‌ನ ಅಂತರರಾಷ್ಟ್ರೀಯ ಒಕ್ಕೂಟ ಐಸಿಟ್ಯಾಕ್ 2011ರಲ್ಲಿ ಕೊಟ್ಟ ಸಲಹೆಯಲ್ಲಿ ಮೂರರಿಂದ ಐದು ಬೇರೆ ಬೇರೆ ರೇಟ್ ಬೇಕು ಅಂತಿದೆ. 2.5, 5, 10, 20 ಹೀಗೆ ಹಾಕಿ. ನಾರಿನಲ್ಲಿ ಹೆಮಿಸೆಲ್ಯುಲೋಸ್ ಸುಮಾರು 220ರಿಂದ 315ರಲ್ಲಿ, ಸೆಲ್ಯುಲೋಸ್ 315ರಿಂದ 400ರಲ್ಲಿ ಹೋಗುತ್ತದೆ. ಲಿಗ್ನಿನ್ ಮಾತ್ರ ಮೊದಲಿಂದ ಕೊನೆ ತನಕ ನಿಧಾನವಾಗಿ. ಮೂರಕ್ಕೂ ಸೇರಿಸಿ ಒಂದೇ ಎನರ್ಜಿ ಬರೆದರೆ ಅರ್ಥ ಇರುವುದಿಲ್ಲ. ಇದಕ್ಕೆ ಬೇರೆ ಚರ್ಚೆಯನ್ನೇ ಶುರು ಮಾಡಿ, ಅಲ್ಲಿ ಬರುತ್ತೇನೆ.

ಬಿಸಿತಕ್ಕಡಿ

ಹೊಸಬರು ಓದುತ್ತಿದ್ದೀರಿ ಅಂತ ಒಂದು ಎಚ್ಚರಿಕೆ. ತುಂಬಾ ವರ್ಷದ ಹಿಂದೆ, ನಾನು ಆಗ ಇದ್ದ ಲ್ಯಾಬ್‌ನಲ್ಲಿ ಒಬ್ಬ ಹುಡುಗ ಡಿಎಸ್‌ಸಿಗೆ ಬಳಸುವ ಅಲ್ಯುಮಿನಿಯಂ ಪ್ಯಾನ್ ಅನ್ನು ಟಿಜಿಎ ಒಳಗಿಟ್ಟು 900ಕ್ಕೆ ಸೆಟ್ ಮಾಡಿ ಊಟಕ್ಕೆ ಹೋದ. ಅಲ್ಯುಮಿನಿಯಂ 660ಕ್ಕೇ ಕರಗುತ್ತದೆ. ವಾಪಸ್ ಬಂದಾಗ ಪ್ಯಾನ್ ಇರಲಿಲ್ಲ. ಪ್ಲಾಟಿನಂ ಕೊಕ್ಕೆಗೆ ಬೆಳ್ಳಗೆ ಒಂದು ಹನಿ ಅಂಟಿಕೊಂಡಿತ್ತು, ಕೊಕ್ಕೆ ಮುಟ್ಟಿದರೆ ಮುರಿಯಿತು. ತಿಂಗಳುಗಟ್ಟಲೆ ಯಂತ್ರ ನಿಂತಿತು. ಎಷ್ಟೋ ಹುಡುಗರ ಥೀಸಿಸ್ ಹಿಂದೆ ಬಿತ್ತು. ಅವನು ಅತ್ತದ್ದು ನನಗೆ ಈಗಲೂ ಕಣ್ಣ ಮುಂದಿದೆ. ಅವನದು ನಿರ್ಲಕ್ಷ್ಯ ಅಲ್ಲ. ಅವನಿಗೆ ಯಾರೂ ಹೇಳಿರಲಿಲ್ಲ ಅಷ್ಟೇ. ಅದಕ್ಕೇ ಹೇಳುತ್ತಿದ್ದೇನೆ. ಪ್ಯಾನ್ ಯಾವ ಲೋಹ ಅಂತ ಗೊತ್ತಿಲ್ಲದಿದ್ದರೆ ಕುಲುಮೆ ಮುಚ್ಚಬೇಡಿ.

ಸ್ಯಾಂಪಲ್ ಕಳಿಸುವಾಗ ಫಾರ್ಮ್‌ನಲ್ಲಿ ನಿಜ ಬರೆಯಿರಿ. ಕ್ಲೋರಿನ್ ಇದೆಯಾ, ಗಂಧಕ ಇದೆಯಾ, ಉಕ್ಕುತ್ತದಾ? ಪಿವಿಸಿಯನ್ನು ಬರೀ ಪಾಲಿಮರ್ ಅಂತ ಬರೆದು ಕಳಿಸುತ್ತಾರೆ. ಅದರಿಂದ ಹೈಡ್ರೋಜನ್ ಕ್ಲೋರೈಡ್ ಬಂದು ಕುಲುಮೆಯ ಒಳಗೆಲ್ಲ ತಿಂದುಹಾಕುತ್ತದೆ.

ಗೋಡೆಪುಡಿ

ಮೂರು ವಾರ ಆಯಿತು, ಕ್ಷಮಿಸಿ. ಅಕ್ಕ ಹೇಳಿದಂತೆ ಎಲ್ಲ ಮೊದಲಿಂದ ಮಾಡಿದೆ. ಹೊರಮೈ ಕೆರೆದೆ. ರಬ್ಬರ್ ಸುತ್ತಿಗೆ, 63 ಮೈಕ್ರಾನ್ ಜರಡಿ, ನಾಲ್ಕು ಪಾಲು. 40 ಡಿಗ್ರಿಯಲ್ಲಿ ಒಣಗಿಸಿ ಡೆಸಿಕೇಟರ್‌ನಲ್ಲಿಟ್ಟೆ. ಬ್ಲ್ಯಾಂಕ್ ಕಳೆದೆ.

ಬಿಳಿ ಗಾರೆ, ಇಂಗಾಲದ ಡೈಆಕ್ಸೈಡ್ ಇಳಿತ: 33.8, 34.1, 33.9. ಮೂರು ಗ್ರಾಫ್ ಒಂದರ ಮೇಲೊಂದು ಕೂತು ಒಂದೇ ಗೆರೆಯಂತೆ ಕಾಣುತ್ತಿದೆ. ನಾನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದೇನೆ. 2.274ರಿಂದ ಗುಣಿಸಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ 77 ಪರ್ಸೆಂಟ್. 200ರಿಂದ 600ರ ನಡುವಿನ ಇಳಿತ, ಅಂದರೆ ನೀರು, 2.9.

ಕೆಂಪು ಗಾರೆ ಪೂರ್ತಿ ಬೇರೆ. ಇಂಗಾಲದ ಡೈಆಕ್ಸೈಡ್ 19.4, ನೀರು 4.6.

ಎರಡರಲ್ಲೂ 400ರಿಂದ 500ರ ನಡುವೆ ಅರಳಿದ ಸುಣ್ಣದ ಚೂಪು ಮೆಟ್ಟಿಲು ಇಲ್ಲ. ಅಂದರೆ ಇದ್ದ ಸುಣ್ಣವೆಲ್ಲ ಗಾಳಿ ಕುಡಿದು ಮುಗಿದಿದೆ ಅಲ್ವಾ?

ದೂರದೂರು

ಹೌದು, ಒಳಗೆ ಗಾಳಿ ಕುಡಿಯದ ಸುಣ್ಣ ಉಳಿದಿದ್ದರೆ ಅಲ್ಲಿ ಮೆಟ್ಟಿಲು ಬರುತ್ತಿತ್ತು. ಅದರ ನೀರಿನ ಪರ್ಸೆಂಟನ್ನು 4.11ರಿಂದ ಗುಣಿಸಿದರೆ ಅರಳಿದ ಸುಣ್ಣ ಎಷ್ಟು ಅಂತ ಸಿಗುತ್ತಿತ್ತು.

ಈಗ ಇಂಗಾಲದ ಡೈಆಕ್ಸೈಡನ್ನು ನೀರಿನಿಂದ ಭಾಗಿಸಿ. ಬಿಳಿಯದು 11.7, ಕೆಂಪಿನದು 4.2. ಹಳೇ ಗಾರೆ ಅಧ್ಯಯನದಲ್ಲಿ ಈ ಅನುಪಾತ ಸುಮಾರು 10ಕ್ಕಿಂತ ಮೇಲಿದ್ದರೆ ಬರೀ ಸುಣ್ಣದ ಗಾರೆ ಅನ್ನುತ್ತಾರೆ, ಗಾಳಿಯಿಂದಲೇ ಗಟ್ಟಿಯಾದದ್ದು. ಕಮ್ಮಿ ಇದ್ದರೆ ನೀರಲ್ಲೂ ಗಟ್ಟಿಯಾಗುವ ಗುಣ ಇದೆ ಅಂತ. ನಿಮ್ಮ ಬಚ್ಚಲ ಗೋಡೆಯಲ್ಲಿ ಇಟ್ಟಿಗೆ ಪುಡಿ ಇರಬೇಕು.

ಬೆಲ್ಲದಗಾರೆ

ಸುರ್ಕಿ! ಅದು ಸುರ್ಕಿ ಗಾರೆ. ನೀರು ಬೀಳುವ ಕಡೆ ಸುರ್ಕಿ ಹಾಕುವುದು ನಮ್ಮವರ ರೂಢಿ. ಕೃಷ್ಣರಾಜಸಾಗರ ಕಟ್ಟೆ ನೋಡಿ, 1911ರಲ್ಲಿ ಕೆಲಸ ಶುರುವಾಯಿತು, ಸುರ್ಕಿ ಗಾರೆಯಲ್ಲಿ ಕಟ್ಟಿದ್ದು. ಬೆಂದ ಜೇಡಿಯ ಸಿಲಿಕಾ ಸುಣ್ಣದ ಜೊತೆ ಸೇರಿ ನೀರೊಳಗೂ ಕಲ್ಲಾಗುತ್ತದೆ. ಬೆಲ್ಲದ ವಿಷಯದಲ್ಲಿ ದೂರದೂರು ಹೇಳಿದ್ದನ್ನು ಒಪ್ಪುತ್ತೇನೆ, ನಾನು ಅವಸರ ಮಾಡಿದೆ. ಆದರೆ ಇದನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

ಬಿಸಿತಕ್ಕಡಿ

ಬಿಟ್ಟುಕೊಡಬೇಡಿ ಸರ್, ಆದರೆ ಒಂದು ಪರೀಕ್ಷೆ ಬಾಕಿ ಇದೆ. ಇಟ್ಟಿಗೆ ಸರಿಯಾಗಿ ಬೆಂದಿರದಿದ್ದರೆ ಅದರ ಜೇಡಿಯಲ್ಲಿ ಮೊದಲಿನ ನೀರೇ ಉಳಿದಿರುತ್ತದೆ. ಅದು 500ರ ಹತ್ತಿರ ಹೊರಟರೆ ಅದನ್ನೂ ನಾವು ಗಾರೆ ಕಟ್ಟಿಕೊಂಡ ನೀರು ಅಂತ ಎಣಿಸಿಬಿಡುತ್ತೇವೆ. ಗೋಡೆಪುಡಿ, ಕೆಂಪು ಗಾರೆಯ ಡಿಟಿಜಿಯಲ್ಲಿ 4.6 ಎಲ್ಲಿ ಹೋಗಿದೆ ನೋಡು. 200ರಿಂದ ಮೆಲ್ಲಗೆ ಹರಡಿಕೊಂಡಿದೆಯಾ, ಇಲ್ಲ 500ರ ಹತ್ತಿರ ಗುಡ್ಡದಂತೆ ಎದ್ದಿದೆಯಾ?

ಗೋಡೆಪುಡಿ

ಹರಡಿಕೊಂಡಿದೆ ಅಕ್ಕ. 500ರ ಹತ್ತಿರ ಗುಡ್ಡ ಇಲ್ಲ. ಜರಡಿ ಮೇಲೆ ಉಳಿದ ಇಟ್ಟಿಗೆ ಚೂರನ್ನು ಹೆಕ್ಕಿ ಅದನ್ನೇ ಬೇರೆ ರನ್ ಹಾಕಿದೆ. 200ರಿಂದ 600ರ ತನಕ 0.3 ಪರ್ಸೆಂಟ್ ಅಷ್ಟೇ ಹೋಯಿತು. ಇಟ್ಟಿಗೆ ಚೆನ್ನಾಗಿ ಬೆಂದಿದೆ.

ಬಿಸಿತಕ್ಕಡಿ

ಹಾಗಾದರೆ ಬರಿ, ಬಚ್ಚಲ ಗೋಡೆ ಸುರ್ಕಿ ಗಾರೆ. ಎಕ್ಸ್‌ಆರ್‌ಡಿ (ಎಕ್ಸ್‌ರೇಯಿಂದ ಹರಳು ಗುರುತಿಸುವ ಪರೀಕ್ಷೆ) ಬಂದ ಮೇಲೆ ಇನ್ನೊಮ್ಮೆ ಓದಿ ನೋಡು.

ಭಟ್ಟಿಮನೆ

ತಂಗಿ, ಆ ನೊರೆ ಬಿಟ್ಟ ಬೂದು ಕಾಳು ಏನಾಯಿತು?

ಗೋಡೆಪುಡಿ

ಅಣ್ಣ, ನಿನ್ನೆ ಮೈಕ್ರೋಸ್ಕೋಪ್‌ನಲ್ಲಿ ನೋಡಿದೆ. ಕೆಲವು ಕಾಳು ನದಿ ಮರಳಿನಂತೆ ಉರುಟಾಗಿವೆ, ಅವು ಮರಳಿನ ಜೊತೆ ಬಂದವು. ಎರಡು ಚೂರು ಮಾತ್ರ ಬೇರೆ. ಅಂಚು ಮೊನಚು, ನಡುವೆ ಗಟ್ಟಿ ಬೂದು ಕಲ್ಲು, ಸುತ್ತ ಬೆಳ್ಳಗೆ ಸುಣ್ಣದ ಉಂಗುರ. ಹೊರಗೆ ಬೆಂದು ಒಳಗೆ ಹಸಿ ಉಳಿದದ್ದು.

ಭಟ್ಟಿಮನೆ

ಅದೇ. ಅಪ್ಪ ಪಕ್ಕಕ್ಕೆ ಎಸೆಯುತ್ತಿದ್ದ ಕಲ್ಲು. ಸಾಧ್ಯವಾದರೆ ಅದರ ಫೋಟೋ ಇಲ್ಲಿ ಹಾಕಮ್ಮ, ಅಮ್ಮನಿಗೆ ತೋರಿಸಬೇಕು.

ಗೋಡೆಪುಡಿ

ನಾಳೆ ಬೆಳಿಗ್ಗೆ ಲ್ಯಾಬ್‌ಗೆ ಹೋದ ಕೂಡಲೇ ಹಾಕುತ್ತೇನೆ ಅಣ್ಣ.